ದೋಣಿಗೆ ಪೆಟ್ಟು ಬೀಳುವುದು ದಡದಲ್ಲಿ

ನಾನು ಕುಂದಾಪುರದ ಕಡೆಯವನು. ಹನ್ನೊಂದು ವರ್ಷಗಳಿಂದ ಹೈದರಾಬಾದಿನ ಕೊಂಡಾಪುರದಲ್ಲಿದ್ದೇನೆ. ಅಕ್ಷರ ಒಂದೆರಡು ಆಚೀಚೆಯಾಗಿ ಊರೇ ಬದಲಾಯಿತು ನೋಡು ಎಂದು ನಮ್ಮ ಕನ್ನಡ ಬಳಗದಲ್ಲಿ ಎಲ್ಲರೂ ತಮಾಷೆ ಮಾಡುತ್ತಾರೆ. ಆ ಊರಿನಲ್ಲಿ ಕಡಲಿತ್ತು, ಈ ಊರಿನಲ್ಲಿ ಟ್ರಾಫಿಕ್ ಇದೆ. ನೀರಿನ ನಂಟು ಬಿಡಲಾಗದೆ ನಾಲ್ಕು ವರ್ಷಗಳ ಹಿಂದೆ ಹುಸೇನ್ ಸಾಗರದ ದಂಡೆಯಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತೆ. ಆಮೇಲೆ ನಾನು ಮತ್ತು ಧಾರವಾಡದ ಒಬ್ಬ ಸಹೋದ್ಯೋಗಿ ಸೇರಿ ಅರ್ಧರ್ಧ ಹಣ ಹಾಕಿ, ಇಬ್ಬರು ಕೂರುವ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಯೊಂದನ್ನು ಕೊಂಡೆವು. ಉದ್ದ ಸುಮಾರು ನಾಲ್ಕು ಮೀಟರ್, ತೂಕ ನೂರು ಕೆ.ಜಿ.ಯ ಆಸುಪಾಸು.

ಈ ಲೇಖನ ದೋಣಿ ನಡೆಸುವ ಬಗ್ಗೆ ಅಲ್ಲ. ನೀರಿನಿಂದ ಮೇಲೆ ಬಂದು ಟ್ರೈಲರ್ ಏರುವ ಆ ಹತ್ತು ಅಡಿಯ ಬಗ್ಗೆ. ದೋಣಿ ಹಾಳಾಗುವುದು ಅಲ್ಲೇ ಎಂದು ನಾನು ಕಲಿತದ್ದು ಸ್ವಲ್ಪ ನಾಚಿಕೆಯ ರೀತಿಯಲ್ಲಿ. ಅದನ್ನೂ ಹೇಳಿಬಿಡುತ್ತೇನೆ.

'ಆಗು, ಆಗು!'

ಜುಲೈ ತಿಂಗಳ ಒಂದು ಭಾನುವಾರ ಸಂಜೆ. ಚುಕ್ಕಾಣಿಯ ಹಿಡಿ ಸಡಿಲವಾಗಿತ್ತು, ಕೆಲವು ಕೊಂಡಿಗಳನ್ನು ಬದಲಿಸಬೇಕಿತ್ತು. ವಾರವಿಡೀ ನಿಧಾನವಾಗಿ ಕೆಲಸ ಮಾಡೋಣವೆಂದು ದೋಣಿಯನ್ನು ಟ್ರೈಲರಿಗೆ ಏರಿಸಿ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಒಯ್ಯುವುದೆಂದು ಮಾತಾಗಿತ್ತು. ಪಶ್ಚಿಮದಲ್ಲಿ ಮೋಡ ಕಪ್ಪಾಗಿತ್ತು, ಅಡ್ಡಗಾಳಿ ಬೀಸುತ್ತಿತ್ತು. ರಾತ್ರಿ ಒಂಬತ್ತಕ್ಕೆ ನನಗೆ ಆಫೀಸಿನ ರಿಲೀಸ್ ಕಾಲ್ ಬೇರೆ.

ಟ್ರೈಲರನ್ನು ಇನ್ನೂ ಎರಡಡಿ ನೀರಿಗೆ ಇಳಿಸಬೇಕಿತ್ತು. ಚಪ್ಪಲಿ ಬಿಚ್ಚಿ ಮೊಣಕಾಲುದ್ದ ನೀರಿಗೆ ಹೋಗುವ ಸೋಮಾರಿತನದಲ್ಲಿ ಅರ್ಧ ಚಕ್ರ ಮುಳುಗುವಷ್ಟಕ್ಕೇ ನಿಲ್ಲಿಸಿದೆ. ದೋಣಿಯ ಮೂತಿ ಮುಂದಿನ ರೋಲರಿನ ಮೇಲೆ ಕೂತಿತು. ಅಷ್ಟರಲ್ಲಿ ಗಾಳಿ ಬಂದು ಹಿಂಭಾಗವನ್ನು ಪಕ್ಕಕ್ಕೆ ತಳ್ಳಿತು. ಹಗ್ಗ ಹಿಡಿದಿದ್ದ ಸಹಾಯಕ ಹುಡುಗ ಇನ್ನೊಬ್ಬ ಹುಡುಗನಿಗೆ 'ಆಗು, ಆಗು!' ಎಂದು ಕೂಗಿದ.

ಹೈದರಾಬಾದಿನಲ್ಲಿರುವ ಓದುಗರಿಗೆ ಅರ್ಥ ಹೇಳಬೇಕಿಲ್ಲ. ತೆಲುಗಿನಲ್ಲಿ 'ಆಗು' ಎಂದರೆ ನಿಲ್ಲು. ನನ್ನ ಗೆಳೆಯ ಧಾರವಾಡದಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವನಿಗೆ ಅದು ಕನ್ನಡದ 'ಆಗು'. ಆಗಲಿ, ನಡೀಲಿ ಎಂದುಕೊಂಡು ಇನ್ನಷ್ಟು ಜೋರಾಗಿ ನೂಕಿದ. ತಳದಿಂದ 'ಕರ್' ಎಂದು ಉದ್ದವಾದ ಸದ್ದು ಬಂತು.

"ಏನಲೇ ಅದು ಸಪ್ಪಳ?" ಎಂದು ಕೇಳಿದ.

ನನಗೆ ತೆಲುಗು ಚೆನ್ನಾಗಿ ಬರುತ್ತದೆ. ಸದ್ದೂ ಕೇಳಿಸಿತ್ತು. ಆದರೂ "ಏನಿಲ್ಲ, ರೋಲರ್ ಸದ್ದು, ತಳ್ಳು" ಎಂದೆ. ದೋಣಿ ಏರಿತು. ಮೇಲಿಂದ ನೋಡಿದಾಗ ಎಲ್ಲ ಚೆನ್ನಾಗಿಯೇ ಇತ್ತು. ತಳ ನೋಡಬೇಕೆಂದರೆ ಕೆಸರಿನಲ್ಲಿ ಮಲಗಬೇಕಿತ್ತು. ನೋಡಲಿಲ್ಲ. ಬೆಲ್ಟು ಬಿಗಿದು, ಮಳೆಗೆ ಮೊದಲೇ ಮನೆ ಸೇರಿದೆವು.

ಆರು ವಾರಗಳ ನಂತರ ಒಂದು ಬೆಳಿಗ್ಗೆ, ನಾಲ್ವರು ಸಲೀಸಾಗಿ ಎತ್ತುತ್ತಿದ್ದ ದೋಣಿ ಜಗ್ಗಿತು. ಒಂದು ಬದಿಗೆ ಓರೆ ಮಾಡಿದರೆ ಒಳಗೆ ಗುಳುಗುಳು ಸದ್ದು. ಗಾಳಿಯ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗೆ ನೀರು ನಿಂತಿತ್ತು. ಬೋರಲು ಹಾಕಿ ನೋಡಿದೆವು. ತಳದಲ್ಲಿ ಒಂದು ಗೇಣು ಉದ್ದದ ಗೀರು, ಅದರ ನಡುವೆ ಬಿರುಕು, ಸುತ್ತ ಕಂದು ಬಣ್ಣದ ಕಲೆ. ರಿಪೇರಿಯವರು ಹೆಬ್ಬೆರಳಿನಿಂದ ಒತ್ತಿದರೆ ಆ ಜಾಗ ಒಳಕ್ಕೆ ಹೋಗಿ ಮತ್ತೆ ಮೇಲೆ ಬರುತ್ತಿತ್ತು.

ಗೆಳೆಯ ನನ್ನ ಮುಖ ನೋಡಿದ. "ಅವತ್ತ ಸಪ್ಪಳ ಬಂದಿತ್ತಲ್ಲ, ನೀ ಏನಿಲ್ಲ ಅಂದಿದ್ದಿ."

ಆಫೀಸಿನಲ್ಲಿ ಲಾಗಿನಲ್ಲಿ ಬಂದ ವಾರ್ನಿಂಗನ್ನು ಯಾರಾದರೂ ಮುಚ್ಚಿಟ್ಟರೆ ನಾನೇ ಕೂಗಾಡುತ್ತೇನೆ. ಇಲ್ಲಿ ಅದನ್ನೇ ಮಾಡಿದ್ದೆ. ಅದೂ ಅರ್ಧ ಹಣ ಹಾಕಿದವನ ಎದುರೇ.

ನೀರು ಹೊರುವ ರೀತಿ, ಕಬ್ಬಿಣ ಹೊರುವ ರೀತಿ

ಆ ವಾರ ಕೂತು ಒಂದು ಸಣ್ಣ ಲೆಕ್ಕ ಮಾಡಿದೆ. ಎಂ.ಟೆಕ್. ಓದಿದವನು ಈ ಲೆಕ್ಕವನ್ನು ದೋಣಿ ಕೊಳ್ಳುವ ಮೊದಲೇ ಮಾಡಬೇಕಿತ್ತು.

ನಮ್ಮ ದೋಣಿ ನೀರಿನಲ್ಲಿರುವಾಗ ಅದರ ತಳದ ಸುಮಾರು ಮೂರು ಚದರ ಮೀಟರ್ ನೀರಿಗೆ ತಾಗಿರುತ್ತದೆ. ಮೂರು ಚದರ ಮೀಟರ್ ಎಂದರೆ 30,000 ಚದರ ಸೆಂಟಿಮೀಟರ್. ನೂರು ಕೆ.ಜಿ. ತೂಕವನ್ನು ಅಷ್ಟರ ಮೇಲೆ ಹಂಚಿದರೆ ಒಂದು ಚದರ ಸೆಂಟಿಮೀಟರಿಗೆ ಬೀಳುವುದು ಸುಮಾರು 3.3 ಗ್ರಾಂ. ಈಗ ಅದೇ ದೋಣಿಯ ಕಾಲು ಭಾಗದ ತೂಕ, ಅಂದರೆ 25 ಕೆ.ಜಿ., ಒಂದು ಚದರ ಸೆಂಟಿಮೀಟರಿನ ಬೋಲ್ಟಿನ ತಲೆಯ ಮೇಲೆ ಕೂತಿದೆ ಎಂದುಕೊಳ್ಳಿ. ಒತ್ತಡ ಏಳು ಸಾವಿರ ಪಟ್ಟಿಗಿಂತ ಹೆಚ್ಚಾಯಿತು. ರಸ್ತೆಯ ಹೊಂಡದಲ್ಲಿ ಟ್ರೈಲರ್ ಎಗರಿ ಬಿದ್ದಾಗಿನ ಹೊಡೆತವನ್ನು ನಾನಿಲ್ಲಿ ಲೆಕ್ಕಕ್ಕೆ ಹಿಡಿದೇ ಇಲ್ಲ.

ಅದನ್ನು ತಡೆಯಬೇಕಾದ ಪದರವಾದರೂ ಎಷ್ಟು ದಪ್ಪ? ಫೈಬರ್ ದೋಣಿಯ ಮೇಲೆ ಹೊಳೆಯುವ ಬಿಳಿ ಮೈ ಇರುತ್ತದಲ್ಲ, ಅದಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಎರಡು ವಿಸಿಟಿಂಗ್ ಕಾರ್ಡ್ ಜೋಡಿಸಿದಷ್ಟು. ಗಟ್ಟಿತನ ಕೊಡುವುದು ಅದರ ಹಿಂದಿರುವ ಗಾಜಿನ ನಾರು ಮತ್ತು ರೆಸಿನ್. ಜೆಲ್‌ಕೋಟಿನ ಕೆಲಸ ನೀರು ಮತ್ತು ಬಿಸಿಲನ್ನು ಹೊರಗಿಡುವುದು. ಅದು ಹರಿದರೆ ನೀರು ಗಾಜಿನ ನಾರಿನ ಗುಂಟ ಮೆಲ್ಲಗೆ ಒಳಗೆ ಹೋಗುತ್ತದೆ. ಮೇಲಿನ ಗೀರು ಗೇಣುದ್ದ ಕಂಡರೆ ಒಳಗಿನ ತೇವ ಅದಕ್ಕಿಂತ ದೂರ ಹೋಗಿರುತ್ತದೆ. ನಮ್ಮ ದೋಣಿಯಲ್ಲಿ ಆದದ್ದೂ ಅದೇ.

ಟ್ರೈಲರಿನ ಅಡಿ ಹೋಗಿ ನೋಡಿದಾಗ ಕಾರಣ ಸಿಕ್ಕಿತು. ಪಕ್ಕದ ಆಧಾರದ ರಬ್ಬರ್ ಎಂದೋ ಉದುರಿಹೋಗಿ ಬೋಲ್ಟಿನ ತಲೆ ಬೋಳಾಗಿ ನಿಂತಿತ್ತು. ಅದರ ಮೇಲೆ ನಮ್ಮದೇ ದೋಣಿಯ ಬಿಳಿ ಪುಡಿ ಅಂಟಿಕೊಂಡಿತ್ತು.

ಅಣ್ಣಯ್ಯನ ಪ್ರಶ್ನೆ

ಊರಿನಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರಿದ್ದಾರೆ. ಜೀವಮಾನವಿಡೀ ಕಡಲಿಗೆ ಹೋದವರು, ನಾವೆಲ್ಲ ಅಣ್ಣಯ್ಯ ಎನ್ನುತ್ತೇವೆ. ಫೋನಿನಲ್ಲಿ ವಿಷಯ ಹೇಳಿದೆ. ಎಷ್ಟು ಖರ್ಚಾಯಿತು, ಎಲ್ಲಿ ರಿಪೇರಿ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: "ಎಳುವಾಗ ಸದ್ದ್ ಬಂದಿತ್ತಾ?"

ಬಂದಿತ್ತು ಎಂದೆ.

"ನೀರಗೆ ಇಪ್ಪತಿಗೆ ದೋಣಿಗೆ ಎಂತೂ ಆತಿಲ್ಲ ಮಾರಾಯ. ದಡಕ್ ಬಪ್ಪತಿಗೇ ಪೆಟ್ಟ್ ಬೀಳುದ್."

ಸಣ್ಣವನಿದ್ದಾಗ ನೋಡಿದ್ದು ಆಗ ನೆನಪಾಯಿತು. ಮಳೆಗಾಲಕ್ಕೆ ಮೊದಲು ದೊಡ್ಡ ದೋಣಿಗಳನ್ನು ಮರಳಿನ ಮೇಲಕ್ಕೆ ಎಳೆದು, ಮಡಲು ಹೊದಿಸಿ ಇಡುತ್ತಿದ್ದರು. ಎರಡೂ ಬದಿಗೆ ಜನ. ದೋಣಿಯ ಅಡಿಗೆ ಉರುಟು ಮರದ ತುಂಡುಗಳು. ಹಿಂದೆ ಉಳಿದ ತುಂಡನ್ನು ಹುಡುಗರು ಹೊತ್ತು ಓಡಿ ಮುಂದೆ ಹಾಕುತ್ತಿದ್ದರು. ಅದರಲ್ಲಿ ಒಬ್ಬ ಮುದುಕರು ಮಾತ್ರ ದೋಣಿಗೆ ಕೈ ಹಚ್ಚುತ್ತಿರಲಿಲ್ಲ. ಪಕ್ಕದಲ್ಲಿ ಬಗ್ಗಿ ಅಡಿ ನೋಡುತ್ತಾ ನಡೆಯುತ್ತಿದ್ದರು. ಅವರು ಕೈ ಎತ್ತಿದರೆ ಮೂವತ್ತು ಜನರೂ ನಿಲ್ಲುತ್ತಿದ್ದರು. ವಯಸ್ಸಾಯಿತು, ಎಳೆಯಲು ಆಗುವುದಿಲ್ಲ, ಅದಕ್ಕೇ ಸುಮ್ಮನಿದ್ದಾರೆ ಎಂದು ನಾನು ಆಗ ತಿಳಿದಿದ್ದೆ. ಅವರದೇ ಅಲ್ಲಿ ಮುಖ್ಯ ಕೆಲಸ ಎಂದು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು.

ನೀರು ಮತ್ತು ದಡದ ನಡುವಿನ ಈ ಅಪಾಯಕ್ಕೆ ನಮ್ಮ ಹುಸೇನ್ ಸಾಗರದಲ್ಲೇ ದೊಡ್ಡ ಸಾಕ್ಷಿ ನಿಂತಿದೆ. ಕೆರೆಯ ನಡುವಿನ ಬುದ್ಧನ ಏಕಶಿಲಾ ವಿಗ್ರಹ ಮುನ್ನೂರು ಟನ್ನಿಗೂ ಮಿಕ್ಕಿದ ಭಾರದ್ದು. 1990ರಲ್ಲಿ ಅದನ್ನು ಬಾರ್ಜಿನ ಮೇಲೆ ಒಯ್ಯುವಾಗ, ದಡ ಬಿಟ್ಟ ಸ್ವಲ್ಪ ದೂರದಲ್ಲೇ ಕೆರೆಗೆ ಬಿತ್ತು. ಹಲವರು ಪ್ರಾಣ ಕಳೆದುಕೊಂಡರು. ಸುಮಾರು ಎರಡು ವರ್ಷ ನೀರಿನಡಿಯಲ್ಲಿದ್ದ ವಿಗ್ರಹವನ್ನು ಮೇಲೆತ್ತಿ ನಿಲ್ಲಿಸಿದ್ದು 1992ರಲ್ಲಿ. ಅದರ ಮುಂದೆ ನಮ್ಮ ಗೀರು ಏನೂ ಅಲ್ಲ. ಆದರೆ ಪ್ರತಿ ಸಲ ಹಾಯಿ ಇಳಿಸಿ ದಡದ ಕಡೆ ತಿರುಗಿದಾಗ ಆ ವಿಗ್ರಹ ಕಣ್ಣಿಗೆ ಬೀಳುತ್ತದೆ.

ಟ್ರೈಲರನ್ನು ದೋಣಿಗೆ ಹೊಂದಿಸಿದ್ದು

ರಿಪೇರಿಗೆ ಎರಡು ತಿಂಗಳು ಹಿಡಿಯಿತು. ಹೆಚ್ಚಿನ ಸಮಯ ಹೋದದ್ದು ಒಣಗಿಸುವುದಕ್ಕೆ. ತೇವ ಇರುವಾಗ ಮೇಲೆ ರೆಸಿನ್ ಹಚ್ಚಿದರೆ ಅದು ಹಿಡಿಯುವುದಿಲ್ಲ, ನೀರನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ಹಾಳಾದ ಭಾಗವನ್ನು ಗಟ್ಟಿ ಪದರ ಸಿಗುವವರೆಗೆ ಉಜ್ಜಿ ತೆಗೆದು, ಅಂಚನ್ನು ಇಳಿಜಾರು ಮಾಡಿ, ಗಾಜಿನ ನಾರಿನ ಹೊಸ ಪದರಗಳನ್ನು ಒಂದೊಂದಾಗಿ ಕೂಡಿಸಿ, ಕೊನೆಗೆ ಜೆಲ್‌ಕೋಟ್ ಹಚ್ಚಿ ನೀರುಕಾಗದದಿಂದ ತಿಕ್ಕಿದರು. ಆ ಎರಡು ತಿಂಗಳಲ್ಲಿ ನಾವು ಟ್ರೈಲರನ್ನು ಸರಿಮಾಡಿದೆವು. ಯಾವ ಊರಿನಲ್ಲಿ ದೋಣಿ ಇಟ್ಟುಕೊಂಡವರಿಗೂ ಇದು ಬೇಕಾದ ಮಾತು.

ಮೊದಲನೆಯದು, ಭಾರವನ್ನು ಹಂಚುವುದು. ರೋಲರ್ ಇದ್ದರೆ ದೋಣಿ ಸುಲಭವಾಗಿ ಜಾರುತ್ತದೆ, ಆದರೆ ಭಾರವೆಲ್ಲ ಕೆಲವೇ ಬಿಂದುಗಳಲ್ಲಿ ಕೂರುತ್ತದೆ. ಹಾಗಾಗಿ ನಡುವಿನ ಬೆನ್ನೆಲುಬಿನ ಸಾಲಿಗೆ ಮಾತ್ರ ರೋಲರ್ ಉಳಿಸಿ, ಎರಡು ಬದಿಗೆ ಉದ್ದದ ಮರದ ಪಟ್ಟಿ ಹಾಕಿಸಿದೆವು. ಒಂದೂವರೆ ಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಎಂದರೆ 3,000 ಚದರ ಸೆಂಟಿಮೀಟರ್. ದೋಣಿಯ ತಳ ಪೂರ್ತಿ ಅದಕ್ಕೆ ಕೂತರೆ ಒತ್ತಡ ಚದರ ಸೆಂಟಿಮೀಟರಿಗೆ 33 ಗ್ರಾಂ. ನೀರಿನಷ್ಟು ಮೃದುವಲ್ಲ, ಆದರೆ ಬೋಲ್ಟಿನ ಮುಂದೆ ಹಾಸಿಗೆ.

ಎರಡನೆಯದು, ಭಾರ ಎಲ್ಲಿ ಬೀಳಬೇಕು ಎಂಬುದು. ದೋಣಿಯ ತಳದ ಎಲ್ಲ ಜಾಗವೂ ಒಂದೇ ಗಟ್ಟಿ ಅಲ್ಲ. ಬೆನ್ನೆಲುಬು, ಒಳಗಿನ ಅಡ್ಡಗೋಡೆಗಳ ಕೆಳಭಾಗ, ಹಿಂಬದಿಯ ಹಲಗೆಯ ಅಂಚು ಗಟ್ಟಿ. ಇವುಗಳ ನಡುವಿನ ಅಗಲವಾದ ಸಪಾಟು ಜಾಗ ಮೆದು. ಅಲ್ಲಿ ಆಧಾರ ಕೊಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೆ ತಗ್ಗು ಬೀಳುತ್ತದೆ. ಹಿಂದೆ ಮೋಟಾರ್ ತೂಗುವ ದೋಣಿಯಾದರೆ ಪಟ್ಟಿ ಹಿಂಬದಿಯ ಹಲಗೆಯವರೆಗೂ ಬರಲೇಬೇಕು. ಇಲ್ಲದಿದ್ದರೆ ಮೋಟಾರಿನ ಭಾರಕ್ಕೆ ತಳ ಕೊನೆಯಲ್ಲಿ ಬಾಗಿ, ನೀರಿನಲ್ಲಿ ದೋಣಿಯ ಓಟವೇ ಕೆಡುತ್ತದೆ.

ಮೂರನೆಯದು, ಹೊದಿಕೆ. ಪಟ್ಟಿಯ ಮೇಲೆ ನೀರು ಬಸಿಯುವ ಸಿಂಥೆಟಿಕ್ ಕಾರ್ಪೆಟ್ ಸುತ್ತಿಸಿದೆವು. ಮೊಳೆಯನ್ನು ಪಟ್ಟಿಯ ಅಡಿಗೆ ಹೊಡೆಯಬೇಕು, ಮೇಲ್ಮೈಗೆ ಅಲ್ಲ. ಅದೂ ಸ್ಟೇನ್‌ಲೆಸ್ ಮೊಳೆ. ಪಟ್ಟಿಯನ್ನು ಹಿಡಿದ ಬೋಲ್ಟುಗಳ ತಲೆ ಮರದೊಳಗೆ ಹುದುಗಿರಬೇಕು, ಕಾರ್ಪೆಟ್ ಸವೆದರೂ ಕಬ್ಬಿಣ ತಾಗಬಾರದು. ಕಾರ್ಪೆಟ್ಟಿಗೂ ಒಂದು ದೋಷವಿದೆ. ಅದು ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮರಳು ತುಂಬಿದ ಕಾರ್ಪೆಟ್ ಎಂದರೆ ಉಪ್ಪುಕಾಗದವೇ. ಪ್ರತಿ ಸಲ ಬಕೆಟ್ ನೀರು ಹೊಯ್ದು ಕೈಯಾಡಿಸುವುದು ಈಗ ನಮ್ಮ ನಿಯಮ. ಸಮುದ್ರದಲ್ಲಿ ಓಡಿಸುವವರು ಸಿಹಿನೀರಿನಲ್ಲೇ ತೊಳೆಯಬೇಕು, ಉಪ್ಪು ಉಳಿದರೆ ಕಬ್ಬಿಣದ ಗತಿ ಗೊತ್ತೇ ಇದೆ. ತೊಳೆಯುವಾಗ ಅಂತರಗಂಗೆಯ ಚೂರುಗಳನ್ನೂ ಆರಿಸಿ ತೆಗೆಯಿರಿ. ಒಂದು ಕೆರೆಯ ಕಳೆ ಇನ್ನೊಂದು ಕೆರೆಗೆ ಹೋಗಬಾರದು.

ಏರಿಸುವಾಗ

ಏರಿಸುವ ಕೆಲಸ ದಡಕ್ಕೆ ಬರುವ ಮೊದಲೇ ಶುರುವಾಗುತ್ತದೆ. ಹಾಯಿ ಇಳಿಸಿರಬೇಕು. ಚುಕ್ಕಾಣಿಯನ್ನೂ ನಡುಹಲಗೆಯನ್ನೂ ಮೇಲೆತ್ತಿರಬೇಕು. ನಡುಹಲಗೆ ಕೆಳಗೇ ಉಳಿದು ಟ್ರೈಲರಿನ ಅಡ್ಡಪಟ್ಟಿಗೆ ಸಿಕ್ಕಿದರೆ ಅದರ ಗೂಡೇ ಸೀಳಬಹುದು. ದೋಣಿಯ ಮೂತಿ ಆದಷ್ಟು ಗಾಳಿಗೆ ಎದುರಾಗಿರಲಿ. ಒಬ್ಬರು ನೀರಿನಲ್ಲಿ ನಿಂತು ಮೂತಿ ಹಿಡಿದರೆ ಹಿಂಭಾಗ ತಾನಾಗಿ ಗಾಳಿಯ ಗುಂಟ ನೆಟ್ಟಗಾಗುತ್ತದೆ. ನಾವು ಅಂದು ಅಡ್ಡಗಾಳಿಯೊಡನೆ ಜಗಳಕ್ಕೆ ನಿಂತಿದ್ದೆವು.

ಆಮೇಲೆ ಟ್ರೈಲರಿನ ಆಳ. ಕೈಯಲ್ಲಿ ತಳ್ಳುವ ಹಗುರ ಟ್ರಾಲಿಯಾದರೆ ದೋಣಿ ಅದರ ಮೇಲೆ ತೇಲಿ ಬಂದು ನಿಲ್ಲುವಷ್ಟು ಆಳಕ್ಕೆ ಇಳಿಸಿಬಿಡುವುದೇ ಒಳ್ಳೆಯದು. ಎಳೆಯುವ ಪ್ರಶ್ನೆಯೇ ಇಲ್ಲ. ಕಾರು ಎಳೆಯುವ ದೊಡ್ಡ ಟ್ರೈಲರಿನಲ್ಲಿ ಲೆಕ್ಕ ಸ್ವಲ್ಪ ಬೇರೆ. ತೀರಾ ಆಳಕ್ಕೆ ಹೋದರೆ ದೋಣಿ ಪಟ್ಟಿಗಳ ನಡುವೆ ನಿಲ್ಲದೆ ಅತ್ತಿತ್ತ ತೇಲಿ, ಟ್ರೈಲರ್ ಮೇಲೆ ಬರುವಾಗ ಓರೆಯಾಗಿ ಕೂರುತ್ತದೆ. ತೀರಾ ಕಡಿಮೆಯಾದರೆ ಮೂತಿ ಉಜ್ಜುತ್ತದೆ. ಮೊದಲು ಪಟ್ಟಿಗಳನ್ನು ಪೂರ್ತಿ ಮುಳುಗಿಸಿ ನೆನೆಸಿ, ಆಮೇಲೆ ಮುಂದಿನ ಮೂರನೇ ಒಂದು ಭಾಗ ನೀರಿನಿಂದ ಹೊರಗೆ ಕಾಣುವವರೆಗೆ ಮುಂದಕ್ಕೆ ತನ್ನಿ. ಒದ್ದೆ ಕಾರ್ಪೆಟ್ ಜಾರುತ್ತದೆ, ಒಣ ಕಾರ್ಪೆಟ್ ಹಿಡಿಯುತ್ತದೆ. ದೂರದಿಂದ ಓಡಿಸಿ ತಂದ ಟ್ರೈಲರಿನ ಚಕ್ರದ ಬೇರಿಂಗ್ ಬಿಸಿಯಾಗಿರುತ್ತದೆ. ತಕ್ಷಣ ನೀರಿಗಿಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಡಿ.

ಮೋಟಾರ್ ದೋಣಿಯವರು ಎಂಜಿನ್ನಿನ ವೇಗದಲ್ಲೇ ಟ್ರೈಲರಿಗೆ ಹತ್ತಿಸುವುದನ್ನು ನೋಡಿದ್ದೇನೆ. ನೋಡಲು ಚೆಂದ. ಆದರೆ ಫ್ಯಾನಿನ ರಭಸಕ್ಕೆ ಇಳಿಜಾರಿನ ಕೊನೆಯ ಮಣ್ಣು ಕೊರೆದು ಹೊಂಡವಾಗುತ್ತದೆ, ಮುಂದೆ ಬರುವವರ ಟ್ರೈಲರ್ ಆ ಹೊಂಡಕ್ಕೆ ಇಳಿಯುತ್ತದೆ. ಕೈ ವಿಂಚಿನಿಂದ ನಿಧಾನವಾಗಿ ಎಳೆದರೆ ಸಾಕು.

ಕಟ್ಟುವಾಗ

ದೋಣಿ ಮೇಲೆ ಕೂತಿತು, ಕೆಲಸ ಮುಗಿಯಿತು ಅನಿಸುವುದು ಇಲ್ಲೇ. ನಾವು ರ್ಯಾಚೆಟ್ ಬೆಲ್ಟನ್ನು ಶಕ್ತಿಯಿದ್ದಷ್ಟು ಬಿಗಿಯುತ್ತಿದ್ದೆವು. ಲಾರಿಯ ಸರಕಿಗೆ ಮಾಡಿದ ಸಾಧನ ಅದು. ಹಗುರ ದೋಣಿಯ ಅಂಚನ್ನು ಬಿರುಕು ಬಿಡಿಸಲು ನಾಲ್ಕು ಸಲ ಹಿಡಿ ತಿರುಗಿಸಿದರೆ ಸಾಕು. ಈಗ ಕೈಯಿಂದ ಎಳೆದು ಕಟ್ಟುವ ಬಕಲ್ ಬೆಲ್ಟ್ ಬಳಸುತ್ತೇವೆ. ಬೆಲ್ಟನ್ನು ಒಳಗೆ ಅಡ್ಡಗೋಡೆಯೋ ಕೆಳಗೆ ಆಧಾರವೋ ಇರುವ ಕಡೆಯೇ ಹಾಯಿಸಿ, ಅಂಚಿಗೆ ತಾಗುವ ಕಡೆ ಹಳೆಯ ಟವೆಲ್ ಮಡಚಿ ಇಡುತ್ತೇವೆ. ಬೆಲ್ಟಿಗೆ ಒಂದು ತಿರುವು ಕೊಟ್ಟರೆ ಗಾಳಿಗೆ ಪಟಪಟ ಬಡಿಯುವುದಿಲ್ಲ. ಮೂತಿಯ ವಿಂಚ್ ಒಂದನ್ನೇ ನಂಬಬಾರದು, ಹಿಂಬದಿಗೂ ಕಟ್ಟಬೇಕು. ಪ್ಲಾಸ್ಟಿಕ್ ಕಯಾಕ್ ಇರುವವರು ಇನ್ನೂ ಹುಷಾರಾಗಿರಬೇಕು. ಏಪ್ರಿಲ್ ಬಿಸಿಲಿನಲ್ಲಿ ಬೆಲ್ಟ್ ಬಿಗಿದು ನಿಲ್ಲಿಸಿದರೆ ಸಂಜೆಗೆ ತಳದಲ್ಲಿ ಹಳ್ಳ ಬಿದ್ದಿರುತ್ತದೆ.

ನೀರು ಬಿಡುವ ಬಿರಡೆಯನ್ನು ತೆಗೆದಿಡುವುದು ಮರೆಯಬೇಡಿ. ಮಳೆಗಾಲದಲ್ಲಿ ಟ್ರೈಲರಿನ ಮೇಲಿರುವ ದೋಣಿ ಒಂದು ದೊಡ್ಡ ತೊಟ್ಟಿ. ನೂರು ಲೀಟರ್ ಮಳೆನೀರು ನಿಂತರೆ ನೂರು ಕೆ.ಜಿ. ಹೆಚ್ಚಾಯಿತು, ನಮ್ಮ ದೋಣಿಯ ತೂಕವೇ ಇಮ್ಮಡಿ. ಮುಂಬೈ, ಪುಣೆಯ ಓದುಗರಿಗೆ ಇದನ್ನು ಎರಡು ಸಲ ಹೇಳಬೇಕು. ಮತ್ತೆ, ಹೊರಟು ಕೆಲವು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟ್ ಮುಟ್ಟಿ ನೋಡಿ. ದೋಣಿ ಅಲುಗಾಡಿ ಕೂತ ಮೇಲೆ ಬೆಲ್ಟ್ ಸಡಿಲಾಗಿಯೇ ಇರುತ್ತದೆ.

ಕೈ ಎತ್ತುವವರು

ಇಷ್ಟೆಲ್ಲ ಬದಲಿಸಿದರೂ ನಮ್ಮ ದೋಣಿಯನ್ನು ನಿಜವಾಗಿ ಕಾಯುತ್ತಿರುವುದು ಅಣ್ಣಯ್ಯನ ಪ್ರಶ್ನೆಯಿಂದ ಹುಟ್ಟಿದ ಒಂದು ನಿಯಮ. ಏರಿಸುವಾಗ ಒಬ್ಬರು ದೋಣಿಗೆ ಕೈ ಹಚ್ಚಬಾರದು. ಅವರ ಕೆಲಸ ಬಗ್ಗಿ ನೋಡುವುದು, ಕಿವಿಗೊಡುವುದು. ಅವರು ಕೈ ಎತ್ತಿದರೆ ಎಲ್ಲರೂ ನಿಲ್ಲಬೇಕು. ಯಾಕೆ ಎಂದು ಕೇಳುವುದು ನಿಂತ ಮೇಲೆ. ಭಾಷೆಯ ಗೊಂದಲವೂ ಇಲ್ಲ, ಕೈಗೆ ಕನ್ನಡ ತೆಲುಗು ಎಂಬ ಭೇದವಿಲ್ಲ.

ರಿಪೇರಿಯ ಹಣವನ್ನು ಪೂರ್ತಿ ನಾನೇ ಕೊಡುತ್ತೇನೆ ಎಂದೆ. ಗೆಳೆಯ ಒಪ್ಪಲಿಲ್ಲ. "ರೊಕ್ಕದ ಮಾತಲ್ಲೋ. ಅವತ್ತೇ ಹೇಳಿದ್ದರ ಒಂದು ದಿನದ ಕೆಲಸ ಇತ್ತು" ಎಂದ. ಅವನು ಹೇಳಿದ್ದು ನಿಜ. ಗೀರು ಬಿದ್ದ ದಿನವೇ ನೋಡಿ, ನೀರಿಗಿಳಿಸದೆ ತುಂಬಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎರಡು ತಿಂಗಳ ಕೆಲಸ ಮಾಡಿಸಿದ್ದು ಬೋಲ್ಟ್ ಅಲ್ಲ, ನನ್ನ 'ಏನಿಲ್ಲ'.

ಕಳೆದ ತಿಂಗಳು ಕೈ ಎತ್ತುವ ಕೆಲಸವನ್ನು ಒಂಬತ್ತು ವರ್ಷದ ಮಗಳಿಗೆ ಕೊಟ್ಟೆವು. ದೋಣಿ ಅರ್ಧ ಏರಿತ್ತು. ಅವಳು ಕೈ ಎತ್ತಿದಳು. ಸಂಜೆಯಾಗಿತ್ತು, ಮೋಡವಿತ್ತು, ನನಗೆ ಅವಸರವೂ ಇತ್ತು. ಎಲ್ಲರೂ ನಿಂತೆವು. ದೋಣಿಯನ್ನು ಮತ್ತೆ ಹಿಂದಕ್ಕೆ ನೀರಿಗೆ ಬಿಟ್ಟು ಅವಳು ತೋರಿಸಿದ ಕಡೆ ಕಾರ್ಪೆಟ್ ಮೇಲೆ ಕೈಯಾಡಿಸಿದೆ. ಕಡಲೆಕಾಳಿನಷ್ಟು ದಪ್ಪದ ಒಂದು ಜಲ್ಲಿ ಚೂರು ಸಿಕ್ಕಿತು.

ಗೆಳೆಯ ಅದನ್ನು ನನ್ನ ಕೈಯಿಂದ ಇಸಕೊಂಡು ಜೇಬಿಗೆ ಹಾಕಿಕೊಂಡ. ನಾವು ಮತ್ತೆ ಮೊದಲಿನಿಂದ ದೋಣಿ ಏರಿಸಿದೆವು. ಈ ಸಲ ಯಾವ ಸದ್ದೂ ಬರಲಿಲ್ಲ.